ತೂಕಡಿಸುವ ಗಂಟೆ

ಚಿವಾತೋಕ ಊರಿನಲ್ಲಿ ಒಬ್ಬರು ಸತ್ತಿದ್ದಾರೆಂದು ಹೇಳುವ ಅಧಿಕಾರ ವೈದ್ಯರಿಗಿಲ್ಲ, ಮನೆಯವರಿಗೂ ಇಲ್ಲ. ಅದು ಇಗರ್ಜಿಯ ಗಂಟೆಗೆ ಸೇರಿದ್ದು. ಗಂಡಸಾದರೆ ಮೂರು ಪೆಟ್ಟು, ಹೆಂಗಸಾದರೆ ಎರಡು. ಗಂಟೆ ಬಾರಿಸುವ ತನಕ ನೆರೆಯವರು ಸಾರಿನ ಪಾತ್ರೆ ಹಿಡಿದು ಬರುವುದಿಲ್ಲ, ಬಡಗಿ ಶವಪೆಟ್ಟಿಗೆಯ ಅಳತೆಗೆ ಬರುವುದಿಲ್ಲ, ಮಾತು ಬಿಟ್ಟವರು ಬಾಗಿಲಿಗೆ ಬರುವುದಿಲ್ಲ. ಬಾರಿಸಿದ ಮೇಲೆ ಊರಿಗೆ ಊರೇ ಟೋಪಿ ತೆಗೆಯುತ್ತದೆ. ಎಂದಾದರೂ ಪೆಟ್ಟಿನಲ್ಲಿ ತಪ್ಪಾದರೆ ತಿದ್ದಲು ದಾರಿ ಒಂದೇ: ಗೋಪುರ ಹತ್ತಿ, ಮೊದಲಿನಿಂದ, ಕೈಯಾರೆ, ಸರಿಯಾಗಿ ಬಾರಿಸುವುದು. ಕೊನೆಗೆ ಬಾರಿಸಿದ್ದೇ ಮಾತು.

ಈ ಅಧಿಕಾರವನ್ನು ಮೂವತ್ತನಾಲ್ಕು ವರ್ಷಗಳಿಂದ ಚಲಾಯಿಸುತ್ತಿದ್ದವನು ಬೆಲಾರ್ಮಿನೋ ತಿಬಾದುಯಿಸ. ಓದು ಹತ್ತಲಿಲ್ಲ, ಆಲೂಗಡ್ಡೆ ಬೇಸಾಯ ಕೈಹಿಡಿಯಲಿಲ್ಲ. ಆದರೆ ಎಂಬತ್ತೊಂದು ಮೆಟ್ಟಿಲು ಹತ್ತಿ ಆ ಹಗ್ಗವನ್ನು ಜಗ್ಗಲು ಅವನೊಬ್ಬನಿಗೇ ಆಗುತ್ತಿತ್ತು. ಅಂಗಡಿಯಲ್ಲಿ ನಾಲ್ಕು ಜನ ಸೇರಿದಾಗ ಅವನು ತನ್ನ ಬಲಗೈಯನ್ನು ಕಂಬಳಿಯಿಂದ ಹೊರಗೆ ತೆಗೆದು ಎಲ್ಲರಿಗೂ ಕಾಣುವಂತೆ ಇಡುತ್ತಿದ್ದ. ಅವನ ಹೆಂಡತಿ ಕ್ಲಿಯೋಫೆ ಬೆಳಗಿನ ಹಾಲಿನ ಸಾರಿನಲ್ಲಿ ಎಲ್ಲರಿಗೂ ಒಂದು ಮೊಟ್ಟೆ ಒಡೆದು ಹಾಕಿದರೆ ಅವನಿಗೆ ಮಾತ್ರ ಎರಡು ಹಾಕುತ್ತಿದ್ದಳು. ಎರಡನೆಯದು ಗೋಪುರ ಹತ್ತುವವನಿಗೆ.

ಹೀಗಿರುವಾಗ ಮಂಡಿಗಳು ಕೈಕೊಟ್ಟವು. ಮೊದಲು ಎಡದ್ದು, ಅದಕ್ಕೆ ಬೇಸರವಾಗಬಾರದೆಂದು ಆಮೇಲೆ ಬಲದ್ದು. ಪಾದ್ರಿ ಒನೇಸಿಮೋ ಕರುಣೆಯುಳ್ಳ ಮನುಷ್ಯ. ಊರಿನವರೆಲ್ಲ ಸಂತೆಗೆ ಹೋದ ಒಂದು ಗುರುವಾರ ಅವರು ಪಟ್ಟಣದಿಂದ ಯುರಾನಿ ಎಂಬ ತಂತ್ರಜ್ಞೆಯನ್ನು ಕರೆಸಿ, ಗೋಪುರದ ಮೇಲೆ ಗಂಟೆಗೊಂದು ವಿದ್ಯುತ್ ಸುತ್ತಿಗೆಯನ್ನೂ ಅದಕ್ಕೊಂದು ಪೆಟ್ಟಿಗೆಯನ್ನೂ, ಕೆಳಗೆ ಬಾಗಿಲ ಬಳಿ ಪುಟ್ಟ ಡಬ್ಬಿಯೊಂದನ್ನೂ ಹಾಕಿಸಿದರು. ತಂತಿಯಿಲ್ಲ. ಬೆಲಾರ್ಮಿನೋನ ಕೈಗೆ ಮೂರು ಗುಂಡಿಗಳ ರಿಮೋಟು ಬಂತು: ದೊಡ್ಡ ಕೆಂಪು ಗುಂಡಿ ಗಂಡಸಿಗೆ, ನೀಲಿಯದು ಹೆಂಗಸಿಗೆ, ಕೆಳಗಿನ ಪುಟ್ಟ ಬಿಳಿಯದು ಪೂಜೆಯಲ್ಲಿ ಪರಮಪ್ರಸಾದ ಎತ್ತುವಾಗಿನ ಒಂದೇ ಪೆಟ್ಟಿನದು.

"ಮಾವ, ಸರಿಯಾಗಿ ಕೇಳಿಸ್ಕೊಳ್ಳಿ," ಎಂದಳು ಯುರಾನಿ. "ಮೇಲಿರೋ ಪೆಟ್ಟಿಗೆ ಬಿಸಿಲು ಕುಡ್ಕೊಂಡು ಬದುಕೋದು. ನಿಮ್ಮೂರಲ್ಲಿ ಬಿಸಿಲು ಹಬ್ಬಕ್ಕೆ ಬರೋ ನೆಂಟ. ಇಡೀ ದಿನ ಕಿವಿ ತೆರ್ಕೊಂಡು ಕೂತ್ರೆ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿದುಹೋಗುತ್ತೆ. ಅದಕ್ಕೇ ಅದು ತೂಕಡಿಸುತ್ತೆ. ಆಗಾಗ ಎದ್ದು, ಯಾರಾದ್ರೂ ಕರೆದ್ರಾ ಅಂತ ಕೇಳುತ್ತೆ. ನೀವು ಜಾಸ್ತಿ ಕರೆದ್ರೆ ಕಮ್ಮಿ ಮಲಗುತ್ತೆ, ಕರೀದೇ ಇದ್ರೆ ಇನ್ನೂ ಉದ್ದಕ್ಕೆ ಮಲಗುತ್ತೆ. ನಿಮ್ಮೂರಿನ ರೂಢಿ ನೋಡ್ಕೊಂಡು ತಾನೇ ಕಲೀತದೆ."

"ಮಲಗಿದ್ದಾಗ ಒತ್ತಿದ್ರೆ?" ಎಂದು ಪಾದ್ರಿ ಕೇಳಿದರು.

"ಕೆಳಗೆ ಈ ಡಬ್ಬಿ ಇದೆಯಲ್ಲ ಸ್ವಾಮಿ, ಇದು ಎಲ್ಲಾನೂ ಜೋಪಾನವಾಗಿ ಇಟ್ಕೊಂಡಿರುತ್ತೆ. ಮೇಲಿಂದು ಎದ್ದ ತಕ್ಷಣ ಒಂದೂ ಬಿಡದೆ ಕೊಡುತ್ತೆ. ಅದಕ್ಕೇ ಒಂದು ಸಲ ಒತ್ತಿ ಸುಮ್ನಿರ್ಬೇಕು. ಸುಮ್ಮ್‌ಸುಮ್ನೆ ಕುಟ್ಟಬಾರ್ದು. ಇಲ್ಲ, ಒತ್ತಿದ ತಕ್ಷಣವೇ ಬಾರಿಸ್ಬೇಕು ಅಂದ್ರೆ ಹಾಗೂ ಮಾಡಿಕೊಡ್ತೀನಿ, ಆದ್ರೆ ಬ್ಯಾಟರಿ ಬಾಳಲ್ಲ. ಯಾವುದು ಬೇಕು ಹೇಳಿ ಮಾವ, ಅವಸರವೋ ಉಳಿತಾಯವೋ?"

"ಉಳಿತಾಯ," ಎಂದ ಬೆಲಾರ್ಮಿನೋ ತಡಮಾಡದೆ. ಚಿವಾತೋಕದವನೊಬ್ಬ ಈ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟ ದಾಖಲೆ ಇಲ್ಲ.

"ಎಲ್ಲಾ ಅರ್ಥ ಆಯ್ತು ತಾನೆ?"

"ಅಯ್ಯೋ, ಇದೇನು ನಂಗೆ ಹೊಸದೇ ತಾಯಿ," ಎಂದ ಬೆಲಾರ್ಮಿನೋ. ಅವಳು ವಿವರಿಸುತ್ತಿದ್ದಷ್ಟು ಹೊತ್ತೂ ಅವನು ಕೆಂಪು ಗುಂಡಿಯ ಹೊಳಪನ್ನು ನೋಡುತ್ತ ನಿಂತಿದ್ದ.

ಅವಳು ಹೋದ ಮೇಲೆ ಅವನು ಪಾದ್ರಿಗಳ ಕೈಹಿಡಿದು ಒಂದು ಮಾತು ಬೇಡಿದ. ಈ ವಿಷಯ ಊರಿಗೆ ಗೊತ್ತಾಗಬಾರದು. ಹೇಳದೆ ಇರುವುದು ಸುಳ್ಳು ಹೇಳಿದಂತಾಗುವುದಿಲ್ಲ ಎಂದು ಪಾದ್ರಿಗಳು ಒಪ್ಪಿದರು, ಅಷ್ಟೇನೂ ಗಟ್ಟಿಯಾಗಿ ಅಲ್ಲ. ಅಂದಿನಿಂದ ಬೆಲಾರ್ಮಿನೋ ಗೋಪುರದ ಬಾಗಿಲೊಳಗೆ ಹೋಗಿ, ಒಳಗಿನಿಂದ ಅಗುಳಿ ಹಾಕಿ, ಮೊದಲನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಹತ್ತಲು ಬೇಕಾದಷ್ಟು ಹೊತ್ತು ಕಾಯುವುದು, ಗುಂಡಿ ಒತ್ತುವುದು, ಇಳಿಯಲು ಬೇಕಾದಷ್ಟು ಹೊತ್ತು ಮತ್ತೆ ಕಾಯುವುದು. ಆಮೇಲೆ ತೀರ್ಥದ ಬಟ್ಟಲಿನಲ್ಲಿ ಬೆರಳದ್ದಿ ಹಣೆಗೆ ನಾಲ್ಕು ಹನಿ ಬೆವರು ಹಚ್ಚಿಕೊಂಡು, ಏದುಸಿರು ಬಿಡುತ್ತ ಹೊರಗೆ ಬರುವುದು. ಇಷ್ಟು ಶ್ರದ್ಧೆಯಿಂದ ಅವನು ಜೀವನದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಕ್ಲಿಯೋಫೆ ದಿನಾ ಅವನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು, ಎರಡನೆಯ ಮೊಟ್ಟೆಯನ್ನೂ ನಿಲ್ಲಿಸಲಿಲ್ಲ.

ನಾಲ್ಕು ತಿಂಗಳು ಹೀಗೇ ಕಳೆದವು. ಆಮೇಲೆ ಪಾದ್ರಿಗಳು ಧ್ಯಾನಕೂಟಕ್ಕೆಂದು ಮೂರು ವಾರ ಪರವೂರಿಗೆ ಹೋದರು. ಅವರಿಲ್ಲದೆ ಪೂಜೆ ಇಲ್ಲ, ಪೂಜೆ ಇಲ್ಲದೆ ಗಂಟೆ ಇಲ್ಲ. ಹತ್ತೊಂಬತ್ತು ದಿನ ಊರಿನ ಮೇಲೆ ಮೋಡ ಕವಿದೇ ಇತ್ತು, ಆ ಹತ್ತೊಂಬತ್ತು ದಿನ ಯಾರೂ ಸಾಯಲೂ ಇಲ್ಲ. ಗೋಪುರದ ಮೇಲಿನ ಪೆಟ್ಟಿಗೆ ಇದನ್ನೆಲ್ಲ ಗಮನಿಸಿ, ಈ ಊರಿನಲ್ಲಿ ಜನ ಸಾಯುವುದಿಲ್ಲ ಎಂದು ಕಲಿತುಕೊಂಡು, ನಿಶ್ಚಿಂತೆಯಿಂದ ಮಲಗಿತು.

ಇಪ್ಪತ್ತನೆಯ ದಿನ ಬೆಳಗಿನ ಜಾವ ಹಾಲಿನ ಎರಾಕ್ಲಿಯೋ ನಿದ್ದೆಯಲ್ಲೇ ಹೋಗಿಬಿಟ್ಟ.

ಎರಾಕ್ಲಿಯೋ ಸೇಲಿ ಐವತ್ತು ವರ್ಷ ಹೇಸರಗತ್ತೆಯ ಮೇಲೆ ಕ್ಯಾನು ಹೇರಿಕೊಂಡು ಮನೆಮನೆಯ ಹಾಲು ಕೂಡಿಸಿದವನು. ಪ್ರತಿ ಮನೆಯ ಮುಂದೂ ನಿಂತು ಮಾತನಾಡುತ್ತಿದ್ದ. ಅವನು ಹೊತ್ತಿಗೆ ಸರಿಯಾಗಿ ಮನೆಗೆ ಬಂದದ್ದನ್ನು ನೋಡಿದವರಿಲ್ಲ. ಊರವರು ಗೌರವದಿಂದ ದೋನ್ಯ ಎನ್ನುವ ಹೆಂಡತಿ ಎರ್ಮೆನ್ಸಿಯಾ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಕಾಯುವುದು ಊರಿಗೆಲ್ಲ ಗೊತ್ತಿದ್ದ ನೋಟ. ಆ ಬೆಳಗ್ಗೆ ಅವಳು ಅವನ ಕಣ್ಣು ಮುಚ್ಚಿ, ಕೈ ಜೋಡಿಸಿ, ಒಲೆ ಹಚ್ಚಿದಳು. ಆಮೇಲೆ ಏನೂ ಯೋಚಿಸದೆ ಅವನ ತಟ್ಟೆಗೆ ಬಡಿಸಿ ಮುಚ್ಚಿಟ್ಟಳು. ಇಟ್ಟಾದ ಮೇಲೆ ತಾನೇನು ಮಾಡಿದೆನೆಂದು ತಿಳಿಯಿತು. ತೆಗೆಯಲು ಕೈ ಬರಲಿಲ್ಲ.

ಬೆಲಾರ್ಮಿನೋಗೆ ಸುದ್ದಿ ಬಂದಾಗ ಅವನು ನಿಜವಾಗಿಯೂ ಅತ್ತ. ಎರಾಕ್ಲಿಯೋ ಅವನಿಗೆ ಬೇಕಾದವನು. "ನಂಗೆ ಮಾತ್ರ ಚೆನ್ನಾಗಿ ಬಾರಿಸಪ್ಪಾ, ಕಂಜೂಸುತನ ಮಾಡ್ಬೇಡ," ಎಂದು ಎಷ್ಟೋ ಸಲ ತಮಾಷೆ ಮಾಡಿದ್ದ. ಕಣ್ಣೊರೆಸಿಕೊಂಡು ಹೋಗಿ, ಬಾಗಿಲಿಗೆ ಅಗುಳಿ ಹಾಕಿ, ಮೊದಲ ಮೆಟ್ಟಿಲ ಮೇಲೆ ಕೂತು, ಹೊತ್ತು ನೋಡಿ ಕೆಂಪು ಗುಂಡಿ ಒತ್ತಿದ. ಮೇಲೆ ನಿಶ್ಶಬ್ದ. ಮತ್ತೆ ಒತ್ತಿದ. ರಿಮೋಟನ್ನು ಮೊಣಕೈಗೆ ಬಡಿದು ಒತ್ತಿದ. ಕಂಬಳಿಯೊಳಗೆ ಬೆಚ್ಚಗೆ ಇಟ್ಟು ತೆಗೆದು ಒತ್ತಿದ. ಸಂತ ಅಂತೋನಿಯವರಿಗೆ ಹರಕೆ ಹೊತ್ತು ಒತ್ತಿದ, ಬೈದು ಒತ್ತಿದ, ಕ್ಷಮೆ ಕೇಳಿ ಒತ್ತಿದ. ಒಟ್ಟು ಏಳು ಸಲ. ಗಂಟೆ ಜಪ್ಪಯ್ಯ ಅನ್ನಲಿಲ್ಲ.

ಎಂಬತ್ತೊಂದು ಮೆಟ್ಟಿಲುಗಳನ್ನು ಅವನು ಒಮ್ಮೆ ತಲೆಯೆತ್ತಿ ನೋಡಿದ. ಐದು ಹತ್ತಿದ. ಐದು ಇಳಿದ. ಹಣೆಗೆ ಬೆವರು ಹಚ್ಚಿಕೊಂಡು ನೇರವಾಗಿ ಚೌಕದ ಆಚೆಯಿದ್ದ ಸಾವಿನ ಮನೆಗೆ ಹೋದ.

"ಬಾರಿಸ್ದೆ ದೋನ್ಯ. ಮನಸಾರೆ ಬಾರಿಸ್ದೆ. ಗಾಳಿ ಆ ಕಡೆ ಬೀಸ್ತಿತ್ತು ನೋಡಿ, ಅದಕ್ಕೇ ಈ ಕಡೆಗೆ ಕೇಳಿಸ್ಲಿಲ್ವೇನೋ."

ದೋನ್ಯ ಎರ್ಮೆನ್ಸಿಯಾ ಅವನ ಹಣೆಯನ್ನು ನೋಡಿದಳು, ಅವನ ಕಣ್ಣನ್ನು ನೋಡಿದಳು. "ಕೂತ್ಕೋ, ಬೆಲಾರ್ಮಿನೋ," ಎಂದಷ್ಟೇ ಹೇಳಿದಳು. ಬೆಲಾರ್ಮಿನೋನ ಕಿವಿ ಕೆಂಪಾಯಿತು.

ಸುದ್ದಿ ಬಾಯಿಂದ ಬಾಯಿಗೆ ಹರಡಿ ಜನ ಸೇರಿದರು. ಗಂಟೆ ಕೇಳಿಸಲಿಲ್ಲವಲ್ಲ ಎಂದು ಬಡಗಿ ಹೊಸ್ತಿಲಾಚೆಯೇ ನಿಂತ. ಅಳತೆಯ ದಾರ ಅವನ ಜೇಬಿನಲ್ಲಿತ್ತು. ಊರಿನ ಇನ್‌ಸ್ಪೆಕ್ಟರ್ ದೋನ್ ಕ್ರಿಸಾಂತೋ ಕಡತದೊಂದಿಗೆ ಬಂದು ಒಳ್ಳೆಯ ಕುರ್ಚಿಯನ್ನು ಹಿಡಿದ. ಹುಟ್ಟು, ಸಾವು, ಬೇಲಿ ಜಗಳ ಈ ಮೂರನ್ನೂ ಬರೆದಿಡುವುದು ಅವನ ಕೆಲಸ. ಬರೆಯುವಾಗ ಅವನ ಮುಖದಲ್ಲಿ ಬರುವ ಗಾಂಭೀರ್ಯವನ್ನು ನೋಡಿಯೇ ಎಷ್ಟೋ ಬೇಲಿ ಜಗಳಗಳು ನಿಂತಿದ್ದವು. ಕ್ಲಿಯೋಫೆ ಎಲ್ಲರಿಗೂ ಬೆಲ್ಲದ ಬಿಸಿನೀರು ಹಂಚಿದಳು. ಬೆಲಾರ್ಮಿನೋ ಮೂಲೆಯಲ್ಲಿ ಲೋಟ ಹಿಡಿದು, ಬಲಗೈಯನ್ನು ಕಂಬಳಿಯೊಳಗೆ ಅಡಗಿಸಿಕೊಂಡು ಕೂತ.

ಹೊತ್ತು ಏರಿತು. ಎಲ್ಲರೂ ಜಪಸರಕ್ಕೆ ಮಂಡಿಯೂರಿದ್ದರು. ಆಗ ಗಂಟೆ ಬಾರಿಸಿತು.

ಢಣ್. ಢಣ್. ಢಣ್.

ಎಲ್ಲರ ತಲೆಯೂ ಮೊದಲು ಗೋಪುರದ ಕಡೆಗೆ ತಿರುಗಿತು, ಆಮೇಲೆ ಬೆಲಾರ್ಮಿನೋನ ಕಡೆಗೆ.

"ಬೆಲಾರ್ಮಿನೋ," ಎಂದ ಇನ್‌ಸ್ಪೆಕ್ಟರ್ ಮೆಲ್ಲಗೆ, "ನೀನು ಇಲ್ಲಿದ್ದೀಯ?"

"ಇಲ್ಲೇ ಇದ್ದೀನಿ," ಎಂದ ಬೆಲಾರ್ಮಿನೋ. ಅಂದು ಬೆಳಗಿನಿಂದ ಅವನು ಆಡಿದ ಮೊದಲನೆಯ ನಿಜ ಅದು, ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿದ ಮಾತೂ ಅದೇ.

ಢಣ್. ಢಣ್. ಢಣ್. ಒಂದು ಜಪ ಹೇಳುವಷ್ಟು ಬಿಡುವು. ಮತ್ತೆ ಮೂರು. ಹೆಂಗಸರು ಜಪಸರ ಬಿಟ್ಟು ಪೆಟ್ಟು ಎಣಿಸತೊಡಗಿದರು. ನಾಲ್ಕನೆಯವ, ಐದನೆಯವ. ಡಬ್ಬಿ ತನ್ನ ಮಾತಿನಂತೆ ಒಂದೂ ಬಿಡದೆ ಕೊಡುತ್ತಿತ್ತು: ಸಂತ ಅಂತೋನಿಯವರ ಹರಕೆಯದು, ಬೈದದ್ದು, ಕ್ಷಮೆ ಕೇಳಿದ್ದು. ಏಳು ಆದ ಮೇಲೆ ನಿಂತಿತು.

"ಯಾರೂ ಮುಟ್ಟದೆ ಬಾರಿಸ್ತು," ಎಂದಳು ಮೂಲೆಯ ಅಜ್ಜಿಯೊಬ್ಬಳು ಶಿಲುಬೆಯ ಗುರುತು ಹಾಕಿಕೊಳ್ಳುತ್ತ. "ಗುಡ್ಡ ಕುಸಿದ ವರ್ಷ ಹಿಂಗೇ ಆಗಿತ್ತಂತೆ. ನಮ್ಮಜ್ಜಿ ಹೇಳೋರು."

"ಏಳು ಜನ ಗಂಡಸರು," ಎಂದ ಇನ್‌ಸ್ಪೆಕ್ಟರ್. "ಅದರಲ್ಲಿ ಒಬ್ಬ ಎರಾಕ್ಲಿಯೋ. ಉಳಿದೋರು ಆರು."

ಕ್ಲಿಯೋಫೆಯ ಕೈಯಲ್ಲಿದ್ದ ಕೆಟಲು ನೆಲಕ್ಕೆ ಬಿತ್ತು. "ಲಾರಿ!" ಎಂದಳು.

ಮುಂಜಾನೆ ಆಲೂಗಡ್ಡೆ ಹೇರಿಕೊಂಡು ಸಂತೆಗೆ ಹೋದ ಲಾರಿಯಲ್ಲಿ, ನಡೆಸುವವನೂ ಸೇರಿ ಆರು ಜನರಿದ್ದರು. ನಡೆಸುತ್ತಿದ್ದವನು ಕ್ಲಿಯೋಫೆಯ ತಮ್ಮ ಅಬ್ದೋನ್. ದಾರಿ ಬೆಟ್ಟದಂಚಿನದು, ಒಂದು ಕಡೆ ಪ್ರಪಾತ. ಅಬ್ದೋನನ ಬ್ರೇಕಿನ ಬಗ್ಗೆ ಊರಿನಲ್ಲಿ ಅನೇಕ ಕಥೆಗಳಿದ್ದವು. ಎಲ್ಲರೂ ಒಟ್ಟಿಗೆ ಫೋನು ತೆಗೆದರು. ಶಿಲುಬೆ ತಿರುವಿನ ಆಚೆ ಸಿಗ್ನಲ್ಲು ಇಲ್ಲ. ಸಿಗ್ನಲ್ಲು ಇದ್ದರೂ, ಚಾರ್ಜು ಉಳಿಯಲಿ ಎಂದು ಅಬ್ದೋನ್ ತನ್ನ ಫೋನನ್ನು ಯಾವಾಗಲೂ ಆರಿಸಿಯೇ ಇಡುತ್ತಿದ್ದ.

ಅಳು ಎದ್ದಿತು. ಎರಾಕ್ಲಿಯೋಗೆ ಅಳಲು ಬಂದವರು ಅವನನ್ನು ಒಳಗೆ ಒಂಟಿಯಾಗಿ ಬಿಟ್ಟು ಚೌಕಕ್ಕೆ ಓಡಿದರು. ಬಡಗಿ ದಾರ ತೆಗೆದು, ಲಾರಿಯವರಲ್ಲಿ ಎತ್ತರದವರು ಎಷ್ಟು ಜನ ಎಂದು ಪಕ್ಕದವನನ್ನು ಪಿಸುಮಾತಿನಲ್ಲಿ ಕೇಳಿದ. ಇನ್‌ಸ್ಪೆಕ್ಟರ್ ಕುರ್ಚಿಯನ್ನು ಹೊರಗೆ ಹಾಕಿಸಿಕೊಂಡು ಆರು ನಮೂನೆಗಳನ್ನು ಬಿಚ್ಚಿದ.

"ಹೆಸರು, ಅಬ್ದೋನ್ ಚಾಪಾರ್ರೋ. ಸತ್ತ ಜಾಗ, ದಾರಿಯಲ್ಲಿ. ಸಾವಿನ ಕಾರಣ..." ಅವನು ಪೆನ್ನು ಎತ್ತಿ ಯೋಚಿಸಿದ. "ಸಾವಿನ ಕಾರಣ, ಗಂಟೆ."

"ಏನು ಬರೀತಿದ್ದೀರಿ? ಹೆಣಾನೇ ನೋಡಿಲ್ವಲ್ಲಾ!" ಎಂದು ಕ್ಲಿಯೋಫೆ ಕಿರುಚಿದಳು.

"ನೋಡಮ್ಮಾ, ಕಾಲಕ್ಕೆ ಸರಿಯಾಗಿ ಬರೀಲಿಲ್ಲ ಅಂದ್ರೆ ಆಮೇಲೆ ಸತ್ತೋರಿಗೇ ತೊಂದರೆ."

ಇಗರ್ಜಿಯ ಮೆಟ್ಟಿಲ ಮೇಲೆ ನೂಬಿಯಾ ಎಂಬ ಹೆಣ್ಣುಮಗಳು ಕೂತಿದ್ದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಗಂಡ ಲಾರಿಯಲ್ಲಿದ್ದ. ಅವಳೊಬ್ಬಳು ಅಳುತ್ತಿರಲಿಲ್ಲ. "ಬೆಳಗ್ಗೆ ಜಗಳ ಆಡಿದ್ವಿ," ಎಂದು ಯಾರಿಗೂ ಅಲ್ಲದಂತೆ ಹೇಳುತ್ತಿದ್ದಳು. "ಹೋಗ್ಬರ್ತೀನಿ ಅಂದ. ನಾನು ಆ ಕಡೆ ತಿರುಗಿ ಮಲಗಿದ್ದೆ. ಹೂಂ ಅನ್ನಲಿಲ್ಲ."

ಬೆಲಾರ್ಮಿನೋ ಬೇರೆ ಎಲ್ಲವನ್ನೂ ತಡೆದುಕೊಳ್ಳಬಹುದಿತ್ತು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮೂವತ್ತನಾಲ್ಕು ವರ್ಷದ ಮಾನವನ್ನೂ ಎರಡನೆಯ ಮೊಟ್ಟೆಯನ್ನೂ ಒಟ್ಟಿಗೆ ಕೈಬಿಟ್ಟು, ಚೌಕದ ನಡುವೆ ನಿಂತು ಕೂಗಿದ: "ಅದು ನಾನು! ಯಾರೂ ಸತ್ತಿಲ್ಲ! ಬಾರಿಸಿದ್ದು ನಾನು!"

ಎಲ್ಲರೂ ಅವನತ್ತ ತಿರುಗಿದರು.

"ನೀನು ನನ್ನ ಎದುರಿಗೇ ಕೂತಿದ್ದೆ," ಎಂದ ಇನ್‌ಸ್ಪೆಕ್ಟರ್. "ನಲವತ್ತು ಜನ ಸಾಕ್ಷಿ ಇದ್ದಾರೆ."

"ಬೆಳಗ್ಗೆ ಒತ್ತಿದ್ದೆ, ಈಗ ಬಾರಿಸ್ತು! ಮೇಲೆ ಒಂದು ಪೆಟ್ಟಿಗೆ ಇದೆ. ಅದು ಮಲಗುತ್ತೆ. ಮಲಗಿದ್ದಾಗ ನಾವು ಹೇಳಿದ್ದನ್ನ ಕೆಳಗಿನ ಡಬ್ಬಿ ಇಟ್ಕೊಂಡಿರುತ್ತೆ. ಎದ್ದಾಗ ಕೊಡುತ್ತೆ." ಯುರಾನಿ ಹೇಳಿದ್ದೆಲ್ಲ ನಾಲ್ಕು ತಿಂಗಳು ತಡವಾಗಿ, ಒಂದೂ ಬಿಡದೆ ಅವನಿಗೆ ಅರ್ಥವಾಗುತ್ತಿತ್ತು. "ಏಳು ಸಲ ಒತ್ಬಿಟ್ಟೆ. ಏಳೂ ಎರಾಕ್ಲಿಯೋಗೇ!" ಎಂದು ಕಂಬಳಿಯೊಳಗಿಂದ ರಿಮೋಟು ತೆಗೆದು ಎತ್ತಿ ಹಿಡಿದ.

"ಇದು ಟಿವಿದು ಕಣಯ್ಯಾ," ಎಂದ ಇನ್‌ಸ್ಪೆಕ್ಟರ್.

"ತೋರಿಸ್ತೀನಿ ನೋಡಿ!" ಎಂದ ಬೆಲಾರ್ಮಿನೋ. ಮತ್ತೆ ಯಾರನ್ನೂ ಸಾಯಿಸಬಾರದು ಎಂಬಷ್ಟು ಎಚ್ಚರ ಅವನಿಗಿತ್ತು. ಪುಟ್ಟ ಬಿಳಿ ಗುಂಡಿಯನ್ನು, ಒಂದೇ ಪೆಟ್ಟಿನದನ್ನು, ಒಂದೇ ಸಲ ಒತ್ತಿದ. ಇಡೀ ಚಿವಾತೋಕ ಉಸಿರು ಬಿಗಿಹಿಡಿದು ಗೋಪುರವನ್ನು ನೋಡಿತು. ಮೋಡ ಕವಿದ ಆಕಾಶ, ಒಂದು ಪಾರಿವಾಳ, ಅಷ್ಟೇ. ಇಪ್ಪತ್ತೊಂದು ಪೆಟ್ಟು ಹೊಡೆದು ಬ್ಯಾಟರಿ ಬಸವಳಿದಿತ್ತು. ಬಿಸಿಲು ಬರುವ ತನಕ ಏಳುವುದಿಲ್ಲವೆಂದು ಪೆಟ್ಟಿಗೆ ಮತ್ತೆ ಮಲಗಿತ್ತು.

"ಪಾಪ," ಎಂದ ಬಡಗಿ. "ನಮ್ಮನ್ನ ಸಮಾಧಾನ ಮಾಡೋಕೆ ಅಂತ ಏನೇನೋ ಕಟ್ಟಿ ಹೇಳ್ತಿದ್ದಾನೆ."

ನೂಬಿಯಾ ಎದ್ದು ಬಂದು ಬೆಲಾರ್ಮಿನೋನ ಬಲಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದಳು. "ನಿಮ್ಮಂಥ ದೊಡ್ಡ ಮನಸ್ಸು ಯಾರಿಗೂ ಇಲ್ಲ ಮಾವ," ಎಂದಳು. ಜೀವಮಾನದಲ್ಲಿ ಮೊದಲ ಬಾರಿ ಪೂರ್ತಿ ನಿಜ ಹೇಳಿದವನಿಗೆ, ಸುಳ್ಳು ಹೇಳಿದ್ದಕ್ಕಾಗಿ ಅವಳು ಕೃತಜ್ಞತೆ ಹೇಳುತ್ತಿದ್ದಳು. ಬೆಲಾರ್ಮಿನೋಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಕ್ಲಿಯೋಫೆ ಅವನ ಮುಂದೆ ಬಂದು ನಿಂತಳು. ಅವನ ಎರಡು ಕಿವಿಗಳನ್ನೂ ಒಂದೊಂದಾಗಿ ನೋಡಿದಳು.

"ಕೆಂಪಾಗಿಲ್ಲ," ಎಂದಳು. "ಇವ್ರು ನಿಜಾನೇ ಹೇಳ್ತಿದ್ದಾರೆ. ರೀ, ಹಾಗಾದ್ರೆ ನಾಲ್ಕು ತಿಂಗಳಿಂದ ನೀವು ಮೇಲೆ ಹತ್ತೇ ಇಲ್ವಾ?"

"ಇಲ್ಲ."

"ನಾನು ದಿನಾ ಮಂಡಿ ತಿಕ್ಕಿದ್ದು?"

"ನೋವಂತೂ ನಿಜಾನೇ ಕಣೇ."

"ಎರಡನೇ ಮೊಟ್ಟೆ?"

ಬೆಲಾರ್ಮಿನೋ ನೆಲ ನೋಡಿದ. ತಮ್ಮ ಬದುಕಿದ್ದಾನೆಂಬ ಸಂತೋಷಕ್ಕೂ ಗಂಡನ ಮೇಲಿನ ಸಿಟ್ಟಿಗೂ ನಡುವೆ ಸಿಕ್ಕ ಕ್ಲಿಯೋಫೆ, ಎರಡರಲ್ಲಿ ಯಾವುದಕ್ಕೆ ಅಳುವುದೆಂದು ತಿಳಿಯದೆ ಅತ್ತಳು. ಆದರೆ ಹೆಂಡತಿ ನಂಬಿದರೆ ಊರು ನಂಬಿದಂತಾಗುವುದಿಲ್ಲ. ಏಳು ಸಾವು ಎಂದು ಗಂಟೆ ಹೇಳಿತ್ತು. ಮನುಷ್ಯನ ಮಾತು ಕಟ್ಟಿಕೊಂಡು ಗಂಟೆಯನ್ನು ಸುಳ್ಳುಮಾಡುವುದು ಹೇಗೆ ಎಂದು ಇನ್‌ಸ್ಪೆಕ್ಟರ್ ಕೇಳಿದ. ಎರಡನೆಯ ನಮೂನೆಗೆ ಕೈ ಹಾಕಿದ.

"ನಿಲ್ಲಿಸ್ರಿ ಅದನ್ನ."

ದೋನ್ಯ ಎರ್ಮೆನ್ಸಿಯಾ ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಕಪ್ಪು ಶಾಲು, ನೆಟ್ಟಗಿನ ಬೆನ್ನು. ಜನ ದಾರಿ ಬಿಟ್ಟರು.

"ಬೆಳಗ್ಗೆಯಿಂದ ನಾನು ಕಿಟಕಿ ಹತ್ರಾನೇ ಇದ್ದೆ," ಎಂದಳು. "ಗಾಳಿ ಇರಲಿಲ್ಲ, ಗಂಟೇನೂ ಇರಲಿಲ್ಲ. ಇವನು ಸುಳ್ಳು ಹೇಳ್ತಿದ್ದಾನೆ ಅಂತ ಆಗಲೇ ಗೊತ್ತಿತ್ತು. ಅದಕ್ಕೇ ಈಗ ನಿಜ ಹೇಳ್ತಿದ್ದಾನೆ ಅಂತಾನೂ ಗೊತ್ತು." ಬೆಲಾರ್ಮಿನೋನ ಕಡೆಗೆ ತಿರುಗಿದಳು. "ಎರಾಕ್ಲಿಯೋ ಒಳಗೆ ಒಬ್ಬನೇ ಮಲಗಿದ್ದಾನೆ. ಅವನ ಸಾವನ್ನ ನೀನು ಏಳು ಪಾಲು ಮಾಡ್ದೆ. ಅವನಿಗೆ ಅಂತ ಒಂದೂ ಬಾರಿಸ್ಲಿಲ್ಲ. ಹೋಗು, ಹತ್ತು. ಕೈಯಾರೆ ಬಾರಿಸು. ಮೂರು. ಕೊನೆಗೆ ಬಾರಿಸಿದ್ದೇ ಮಾತು ಅಲ್ವಾ? ಆಗ ಈ ಹೆಣ್ಣುಮಕ್ಕಳೂ ಉಸಿರಾಡ್ತಾರೆ."

"ಮಂಡಿ..." ಎಂದ ಬೆಲಾರ್ಮಿನೋ.

"ಮಂಡಿಗೆ ನಾನು ಎಣ್ಣೆ ತಿಕ್ಕಿದ್ದೀನಿ," ಎಂದಳು ಕ್ಲಿಯೋಫೆ. "ನಡೀರಿ."

ಎಂಬತ್ತೊಂದು ಮೆಟ್ಟಿಲುಗಳ ಕಥೆಯನ್ನು ಒಂದೊಂದಾಗಿ ಹೇಳುವುದಿಲ್ಲ. ಮೂವತ್ತರ ತನಕ ಅವನು ನಡೆದು ಹತ್ತಿದ, ಅರವತ್ತರ ತನಕ ಕೈಯೂರಿ ಹತ್ತಿದ, ಆಮೇಲೆ ಕೂತು ಹಿಂದುಹಿಂದಕ್ಕೆ ಏರಿದ. ಹಣೆಯ ಮೇಲೆ ಬೆವರಿತ್ತು, ಈ ಸಲ ಅವನದೇ. ಮೇಲೆ ತಲುಪಿದಾಗ ನಿಲ್ಲಲಾಗದೆ ಗೋಡೆಗೆ ಒರಗಿ, ಹಗ್ಗವನ್ನು ಕೈಗೆ ಸುತ್ತಿಕೊಂಡ. ಕೆಳಗೆ ಚೌಕದಲ್ಲಿ ಎಲ್ಲರೂ ಮುಖವೆತ್ತಿ ನಿಂತಿದ್ದರು. ಪಕ್ಕದಲ್ಲಿ ಪೆಟ್ಟಿಗೆ ತಣ್ಣಗೆ ಮಲಗಿತ್ತು. ಬಿಳಿ ಗುಂಡಿಯ ನೆನಪು ಅವನಿಗೆ ಸ್ವಲ್ಪವೂ ಇರಲಿಲ್ಲ.

"ಎರಾಕ್ಲಿಯೋ, ಕ್ಷಮಿಸಪ್ಪಾ," ಎಂದು ಜಗ್ಗಿದ.

ಢಣ್.

ಕೆಳಗೆ ಟೋಪಿಗಳು ಇಳಿದವು. ಭುಜದಲ್ಲಿ ಏನೋ ಕಿತ್ತಂತಾಯಿತು. ಹಲ್ಲು ಕಚ್ಚಿ ಮತ್ತೆ ಜಗ್ಗಿದ.

ಢಣ್.

ಮೂರನೆಯದಕ್ಕೆ ಕೈ ಏಳಲಿಲ್ಲ. ಮಂಡಿ ಮಡಿಸಿ ಕುಸಿದ. ಹಗ್ಗಕ್ಕೆ ಜೋತುಬಿದ್ದ, ಗಂಟೆ ಅಲ್ಲಾಡಲಿಲ್ಲ. ಹಲ್ಲಿನಿಂದ ಹಿಡಿದು ಎಳೆದ, ಆಗಲಿಲ್ಲ. ಕೆಳಗೆ ಹೊತ್ತು ಕಳೆಯುತ್ತಿತ್ತು. ಎರಡೇ ಪೆಟ್ಟಾಗಿ ನಿಂತರೆ ಹೆಂಗಸು ಸತ್ತಂತೆ. ಚೌಕದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು; ಮೂಲೆಯ ಅಜ್ಜಿ ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಂಡಳು. ಇನ್‌ಸ್ಪೆಕ್ಟರ್ ಹೊಸ ನಮೂನೆಯೊಂದನ್ನು ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದ. ಮೇಲೆ ಬೆಲಾರ್ಮಿನೋ ಹಗ್ಗಕ್ಕೆ ಹಣೆ ಒತ್ತಿ ಅಳುತ್ತಿದ್ದ. ಕೊನೆಗೂ ಕಂಜೂಸುತನ ಮಾಡಿಬಿಟ್ಟೆನಲ್ಲ ಎಂಬುದೊಂದೇ ಅವನ ತಲೆಯಲ್ಲಿತ್ತು.

ಆಗ ಹತ್ತೊಂಬತ್ತು ದಿನದ ಮೋಡ ಬೆಟ್ಟದ ಕಡೆಯಿಂದ ಸೀಳಿತು. ಬಿಸಿಲು ಮೊದಲು ಗೋಪುರದ ತುದಿಗೆ ಬಿತ್ತು, ಆಮೇಲೆ ಪೆಟ್ಟಿಗೆಯ ಮೇಲಿನ ಗಾಜಿಗೆ. ಪೆಟ್ಟಿಗೆಯಲ್ಲಿ ಹಸಿರು ದೀಪವೊಂದು ಕಣ್ಣು ಮಿಟುಕಿಸಿತು. ಯಾರಾದರೂ ಕರೆದಿರಾ ಎಂದು ಅದು ಕೇಳಿರಬೇಕು. ಸುತ್ತಿಗೆ ತಾನಾಗಿ ಮೇಲೆದ್ದು ಒಂದು ಸಲ, ಒಂದೇ ಸಲ, ಬಿತ್ತು.

ಢಣ್.

ಮೂರು. ಆಮೇಲೆ ಏನೂ ಇಲ್ಲ. ಚೌಕದಿಂದ ದೊಡ್ಡ ನಿಟ್ಟುಸಿರೊಂದು ಮೇಲಕ್ಕೆ ಬಂತು. ಸತ್ತಿರುವವನು ಒಬ್ಬನೇ, ಅವನು ಎರಾಕ್ಲಿಯೋ ಎಂದು ಚಿವಾತೋಕ ಒಪ್ಪಿಕೊಂಡಿತು. ಇನ್‌ಸ್ಪೆಕ್ಟರ್ ಅಬ್ದೋನನ ನಮೂನೆಯನ್ನು ಹರಿದು, ಅವನು ಮತ್ತೆ ಸಾಯುವಾಗ ಬೇಕಾಗಬಹುದೆಂದು ಉಳಿದ ಖಾಲಿ ಹಾಳೆಗಳನ್ನು ಮಡಿಸಿ ಕಡತದಲ್ಲಿಟ್ಟ. ಬೆಲಾರ್ಮಿನೋ ಕಣ್ಣೊರೆಸಿಕೊಂಡು ಹೊರಗೆ ನೋಡಿದಾಗ, ಶಿಲುಬೆ ತಿರುವಿನಲ್ಲಿ ಬಿಸಿಲಿಗೆ ಹೊಳೆಯುತ್ತ ಅಬ್ದೋನನ ಲಾರಿ ಬರುತ್ತಿತ್ತು.

ಲಾರಿ ಚೌಕದಲ್ಲಿ ನಿಂತಾಗ ಇಳಿದ ಆರು ಜನರಿಗೂ ತಮ್ಮನ್ನು ಏಕೆ ಇಷ್ಟು ಅಪ್ಪಿಕೊಳ್ಳುತ್ತಿದ್ದಾರೆ, ಏಕೆ ಇಷ್ಟು ಹೊಡೆಯುತ್ತಿದ್ದಾರೆ ಎಂದು ತಿಳಿಯಲಿಲ್ಲ. ನೂಬಿಯಾ ಗಂಡನ ಕಾಲರು ಹಿಡಿದು "ಹೂಂ, ಹೂಂ, ಹೂಂ," ಎಂದಳು. "ಏನೇ ಅದು?" ಎಂದ ಅವನು. "ಬೆಳಗ್ಗೆ ಹೇಳ್ಬೇಕಾಗಿತ್ತು," ಎಂದು ಈಗ ಅತ್ತಳು.

ಬೆಲಾರ್ಮಿನೋ ಇಳಿದು ಬರಲು ಬಹಳ ಹೊತ್ತು ಹಿಡಿಯಿತು. ಕ್ಲಿಯೋಫೆ ಬಾಗಿಲಲ್ಲೇ ಕಾದಿದ್ದು ಭುಜ ಕೊಟ್ಟಳು. ಜನ ಮತ್ತೆ ಎರಾಕ್ಲಿಯೋನ ಮನೆ ತುಂಬಿದ್ದರು. ಬಡಗಿ ಅಳತೆ ತೆಗೆಯುತ್ತಿದ್ದ. ದೋನ್ಯ ಎರ್ಮೆನ್ಸಿಯಾ ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದಳು.

"ಮೂರನೇದು ಎಲ್ಲಕ್ಕಿಂತ ಚೆನ್ನಾಗಿತ್ತು," ಎಂದಳು.

ಬೆಲಾರ್ಮಿನೋ ಬಾಯಿ ತೆರೆದ. ಕ್ಲಿಯೋಫೆ ಅವನ ಕಾಲು ತುಳಿದಳು. ಆದರೂ ಅವನು ಹೇಳಿದ: "ದೋನ್ಯ, ಎರಡು ನಾನು. ಮೂರನೇದು ನಂದಲ್ಲ. ಆಗ್ಲಿಲ್ಲ ನಂಗೆ. ಅದು ಪೆಟ್ಟಿಗೇದು, ತಡವಾಗಿ ಬಂತು."

ಅವಳು ಬಾಗಿಲ ಕಡೆ ನೋಡಿದಳು.

"ಐವತ್ತೊಂದು ವರ್ಷ," ಎಂದಳು. "ಒಂದು ದಿನಾನೂ ಹೊತ್ತಿಗೆ ಸರಿಯಾಗಿ ಬರಲಿಲ್ಲ ಅವನು. ಬಾಗಿಲು ನೋಡ್ಕೊಂಡು ಬೈಕೊಂಡು ಕೂತಿರ್ತಿದ್ದೆ. ಆದ್ರೆ ಬರ್ತಿದ್ದ. ಯಾವತ್ತೂ ಬರದೇ ಇರಲಿಲ್ಲ."

ಎದ್ದು ಒಲೆಯ ಪಕ್ಕದಲ್ಲಿ ಬೆಳಗಿನಿಂದ ಮುಚ್ಚಿಟ್ಟಿದ್ದ ತಟ್ಟೆಯ ಹತ್ತಿರ ಹೋದಳು. ಮೇಲಿನ ತಟ್ಟೆಯನ್ನು ತೆಗೆದಳು. ಬೇಯಿಸಿದ ಆಲೂಗಡ್ಡೆ, ಜೋಳದ ರೊಟ್ಟಿ, ಎರಡು ಮೊಟ್ಟೆ. ಅದನ್ನು ಎರಡು ಕೈಯಲ್ಲಿ ತಂದು ಬೆಲಾರ್ಮಿನೋನ ಮುಂದೆ ಹಿಡಿದಳು.

"ತಿನ್ನು," ಎಂದಳು. "ಇನ್ನು ಕಾಯೋದು ಬೇಡ."

ಬೆಲಾರ್ಮಿನೋ ಕ್ಲಿಯೋಫೆಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಕೂತರೆ ಮತ್ತೆ ಏಳಲಾಗುವುದಿಲ್ಲವೆಂದು ಅವನು ನಿಂತುಕೊಂಡೇ, ಒಂದು ತುಣುಕೂ ಬಿಡದೆ ತಿಂದ.